ಗುಲ್ಮಾರ್ಗದ ಅಫರ್ವತ್ ಬೆಟ್ಟದ ನೆತ್ತಿಗೆ, ಗಾಳಿ ತೂರುವ ಹಿಮ ಅಳೆಯಲು ಹೊರಟವರಿಗೆ

ಆಕಾಶ ತಿಳಿಯಾಗಿ, ಹಿಮ ಬೀಳದ ದಿನವೂ ಹಿಮಕುಸಿತದ ಅಪಾಯ ಏರುತ್ತಿರಬಹುದು. ಕಣದಲ್ಲಿ ರಾಗಿ ತೂರಿದ ಹಾಗೆ ಗಾಳಿ ಬೆಟ್ಟದ ಒಂದು ಮಗ್ಗುಲಿನ ಹಿಮವನ್ನೆತ್ತಿ ನೆತ್ತಿಯಾಚೆ ಸುರಿಯುತ್ತದೆ. ಕುಸಿತ ಹೆಚ್ಚಾಗಿ ಹುಟ್ಟುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅಲ್ಲಿ ಎಷ್ಟು ಹೊರೆ ಕೂಡಿತು ಎಂಬುದು ಬರೀ ಹಿಮ ಬಿದ್ದ ಲೆಕ್ಕದಿಂದ ತಿಳಿಯದು.

ಬೆಂಗಳೂರು ಬಿಡುವ ಮೊದಲೇ ಎಸ್‌.ಪಿ. ರೋಡಿನಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ ಕೊಳ್ಳುವ ಕೆಲಸ ಮುಗಿಸಿ. ಅಳತೆ ದಾಖಲಿಸುವ ಲಾಗರ್ ಜೋಡಿಸಿದ ಮೇಲೆ ಪರಿಚಯದ ಐಸ್‌ಕ್ರೀಂ ಅಂಗಡಿಯ ಡೀಪ್ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಒಂದು ರಾತ್ರಿ ಓಡಿಸಿ ನೋಡಿ. ಪಿವಿಸಿ ವೈರು ಸೆಟೆದು ಬಿರಿಯಬಹುದು, ಆಲ್ಕಲೈನ್ ಸೆಲ್ ಸೋಲುತ್ತದೆ. ಸಿಲಿಕೋನ್ ವೈರು, ಲಿಥಿಯಂ ಸೆಲ್ ಹಾಕಿ. ಹೊರಗಿನ ಪ್ರಿಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅನುಮತಿಯಿಲ್ಲದ ಸ್ಯಾಟಲೈಟ್ ಫೋನ್ ಒಯ್ಯಲೇಬೇಡಿ. ಗಡಿ ನಿಯಂತ್ರಣ ರೇಖೆ ಹತ್ತಿರವಿರುವುದರಿಂದ ಉಪಕರಣ ನಿಲ್ಲಿಸಲು ಲಿಖಿತ ಒಪ್ಪಿಗೆ ಮೊದಲೇ ಕೈಯಲ್ಲಿರಲಿ.

ಶ್ರೀನಗರದಿಂದ ಗುಲ್ಮಾರ್ಗ ಸುಮಾರು 50 ಕಿ.ಮೀ. ತಂಗ್‌ಮರ್ಗ್ ದಾಟಿದ ಮೇಲೆ ಚಕ್ರಕ್ಕೆ ಸರಪಳಿ ಕಟ್ಟಿದ ಗಾಡಿಯೇ ಗತಿ. ಗೊಂಡೊಲಾ ಕೇಬಲ್ ಕಾರಿನ ಎರಡನೇ ಹಂತ ಸುಮಾರು 3,980 ಮೀಟರ್ ಎತ್ತರಕ್ಕೆ ಮುಟ್ಟಿಸುತ್ತದೆ, ಆದರೆ ಗಾಳಿ ಜೋರಾದರೆ ನಿಂತುಬಿಡುತ್ತದೆ. ನಮಗೆ ಬೇಕಾದದ್ದು ಆ ಹೊತ್ತಿನ ಅಳತೆಯೇ! ಹಾಗಾಗಿ ತೂರುವ ಹಿಮ ಅಳೆಯುತ್ತ ತಾನಾಗಿ ಓಡುವ ಸೆನ್ಸರನ್ನು ಶಾಂತ ದಿನದಲ್ಲೇ ಗಾಳಿಗೆದುರಾದ ಮಗ್ಗುಲಿನಲ್ಲಿ ನೆಟ್ಟಿರಬೇಕು.

ಅದರ ಲೆಕ್ಕ ತಾಳೆ ನೋಡಲು ಸರಳ ಬಲೆಪೆಟ್ಟಿಗೆ ಸಾಕು: 4 ಚದರ ಸೆಂ.ಮೀ. ಬಾಯಿ, ಒಳಗೆ ಅಗಲವಾಗುವ ಹೊಟ್ಟೆ, ಗಾಳಿಗೆ ಮುಖ ತಿರುಗಿಸುವ ಬಾಲ. ಹತ್ತು ನಿಮಿಷದಲ್ಲಿ 24 ಗ್ರಾಂ ಸಿಕ್ಕರೆ ಚದರ ಮೀಟರಿಗೆ ಸೆಕೆಂಡಿಗೆ 0.1 ಕೆ.ಜಿ. ಹಿಮ ಸಾಗಿದಂತೆ. ಸಿಕ್ಕ ಹಿಮವನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಬಾಯಿ ಬಿಗಿದು ತೂಗಿ, ಕರಗಿದರೂ ತೂಕ ಹೋಗದು. 10, 50, 100 ಸೆಂ.ಮೀ. ಎತ್ತರದಲ್ಲಿ ಒಂದೊಂದು ಇಡಿ. ಹೆಚ್ಚು ಹಿಮ ಹರಿಯುವುದು ನೆಲಕ್ಕೆ ಅಂಟಿಕೊಂಡೇ. ಕೆಳಗಿನ ಪೆಟ್ಟಿಗೆ ಹೂತುಹೋಗುವುದೂ ಅದಕ್ಕೇ, ಆದ್ದರಿಂದ ಪ್ರತಿ ಸಲ ಹಿಮಮಟ್ಟದಿಂದ ಬಾಯಿಯ ಎತ್ತರ ಬರೆದುಕೊಳ್ಳಿ.

ಗಾಳಿವೇಗ ಇಮ್ಮಡಿಯಾದರೆ ಸಾಗುವ ಹಿಮ ಸುಮಾರು ಎಂಟು ಪಟ್ಟಾಗುತ್ತದೆ. ವೇಗದಲ್ಲಿ ಚೂರು ತಪ್ಪಿದರೂ ಹೊರೆಯ ಲೆಕ್ಕ ಕೆಡುತ್ತದೆ. ಗಾಳಿವೇಗ ಅಳೆಯುವ ಬಟ್ಟಲು ಮಾಪಕಕ್ಕೆ ಹಿಮ ಕಚ್ಚಿದರೆ ಗಂಟೆಗಟ್ಟಲೆ ಸೊನ್ನೆ ತೋರಿಸುತ್ತದೆ, ಅದನ್ನು ನಿಶ್ಚಲ ಗಾಳಿಯೆಂದು ನಂಬಬೇಡಿ.

ನೆತ್ತಿಯಂಚಿನಲ್ಲಿ ಸಜ್ಜೆಯಂತೆ ಚಾಚಿದ ಹಿಮದ ಮೇಲೆ ಕಾಲಿಡಬೇಡಿ, ಕೆಳಗೆ ನೆಲವಿರುವುದಿಲ್ಲ. ಹಿಮದಡಿ ಹೂತವರನ್ನು ಸಂಕೇತದಿಂದ ಹುಡುಕುವ ಟ್ರಾನ್ಸೀವರ್, ಶೋಧಕೋಲು, ಸಲಿಕೆ ಒಬ್ಬೊಬ್ಬರಿಗೂ ಬೇಕು. ಹಿಮ ಬಿದ್ದು ವಿಮಾನ ರದ್ದಾಗುವುದುಂಟು, ಮರಳುವ ಟಿಕೆಟ್ಟಿಗೆ ಎರಡು ದಿನ ಕೈಬಿಡುವಿರಲಿ.