ಒಂದೇ ಗಜ ಬಾಕಿ ಇತ್ತು

ನಿನ್ನೆ ರಾತ್ರಿ ನಿದ್ದೆ ಬರದೆ ಸುಮ್ನೆ 2015ರ ಸೂಪರ್ ಬೌಲ್ ಕೊನೆಯ ನಿಮಿಷ ಮತ್ತೆ ನೋಡಿದೆ. ನಮ್ಮ ಕಾಲ್ಚೆಂಡಲ್ಲ, ಅಮೆರಿಕದವರ ಫುಟ್‌ಬಾಲ್; ಅದರ ಲೀಗ್‌ನ ಫೈನಲ್ಲೇ ಸೂಪರ್ ಬೌಲ್.

ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 28, ಸಿಯಾಟಲ್ ಸೀಹಾಕ್ಸ್ 24. ಉಳಿದದ್ದು 26 ಸೆಕೆಂಡು. ಚೆಂಡು ಸಿಯಾಟಲ್ ಕೈಲಿ, ಗೋಲ್ ಲೈನಿಗೆ ಒಂದೇ ಗಜ; ದಾಟಿಸಿದರೆ ಆರು ಅಂಕ. ಸಿಯಾಟಲ್ ಕಡೆ ಮಾರ್ಶಾನ್ ಲಿಂಚ್ ಇದ್ದಾನೆ, ಗೂಳಿ ಥರ ನುಗ್ಗುವ ಆಸಾಮಿ. ಅವನ ಕೈಗೆ ಚೆಂಡು ಕೊಟ್ಟರೆ ಮುಗೀತು, ಅಲ್ವಾ? ಕೊಡಲಿಲ್ಲ. ಸಿಯಾಟಲ್‌ನ ರಸೆಲ್ ವಿಲ್ಸನ್ ಪಾಸ್ ಎಸೆದ. ಪೇಟ್ರಿಯಟ್ಸ್‌ನ ಮಾಲ್ಕಮ್ ಬಟ್ಲರ್ ಅನ್ನೋ ಹೊಸ ಹುಡುಗ ಅಡ್ಡ ಬಂದು ಹಿಡಿದುಬಿಟ್ಟ. ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಯಾವ ತಂಡವೂ ಆರಿಸದಿದ್ದ ಹುಡುಗ!

ಆಗ ನಾನೂ ಸಿಯಾಟಲ್ ಕೋಚ್ ಪೀಟ್ ಕ್ಯಾರಲ್‌ಗೆ ಬೈದಿದ್ದೆ. ಈಗ ಅಷ್ಟು ಧೈರ್ಯ ಇಲ್ಲ. ಸಿಯಾಟಲ್‌ಗೆ ಮೂರು ಪ್ರಯತ್ನ ಬಾಕಿ ಇತ್ತು, ಗಡಿಯಾರ ನಿಲ್ಲಿಸೋ ಟೈಮ್‌ಔಟ್ ಮಾತ್ರ ಒಂದೇ. ಓಡಿ ಸಿಕ್ಕಿಬಿದ್ದರೆ ಗಡಿಯಾರ ನಿಲ್ಲುವುದಿಲ್ಲ. ಪಾಸ್ ನೆಲಕ್ಕೆ ಬಿದ್ದರೆ ತಾನಾಗೇ ನಿಲ್ಲುತ್ತದೆ. ಅಂದರೆ ಒಂದು ಪಾಸ್ ನೋಡಿ, ಆಮೇಲೆ ಎರಡು ಸಲ ಲಿಂಚ್‌ನನ್ನು ನುಗ್ಗಿಸಬಹುದಿತ್ತು. ಲೆಕ್ಕ ಅಷ್ಟೇನೂ ತಪ್ಪಿರಲಿಲ್ಲ. ಆದರೆ ಜನರ ಗುಂಪಿನ ನಡುವೆ ಎಸೆಯೋದು? ಅದೊಂದು ನನಗೆ ಇನ್ನೂ ಜೀರ್ಣವಾಗಿಲ್ಲ. ಮೂಲೆಗೆ ಎಸೆದಿದ್ದರೆ ಸಿಕ್ಕರೆ ನಮ್ಮವನಿಗೆ, ಇಲ್ಲಾಂದ್ರೆ ಯಾರಿಗೂ ಇಲ್ಲ.

'ನಮ್ಮವನು' ಅಂತ ಬರೆದೆ ನೋಡಿ. ಸಿಯಾಟಲ್ ಹತ್ತಿರ ಇರೋ ಭಾವನ ಸಹವಾಸ. ಇವತ್ತು ಬೆಳಗ್ಗೆ ಅವರಿಗೆ ಈ ವಿಡಿಯೋ ಕಳಿಸಿದೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.