ಹ್ಯಾಮ್ ಜೊತೆಗೆ ಏನು ಮಾಡಲಿ?

"ಹ್ಯಾಮ್ ತಂದಾಯಿತು, ಜೊತೆಗೆ ಏನೇನು ಮಾಡಲಿ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರ ಕೈಯಲ್ಲಿ ಆಗಲೇ ಎಂಟು ಹತ್ತು ಸೈಡ್ ಡಿಶ್‌ಗಳ ಪಟ್ಟಿ ಇರುತ್ತದೆ. ಅಷ್ಟೆಲ್ಲ ಬೇಡ. ಮೂರು ಸಾಕು: ಒಂದು ಸಪ್ಪೆಯದು, ಒಂದು ಹುಳಿಯದು, ಒಂದು ಹಸಿರು ತರಕಾರಿ.

ಯಾಕೆ ಅಂದರೆ, ಹ್ಯಾಮ್ ಬರೀ ಮಾಂಸ ಅಲ್ಲ. ಹಂದಿಯ ಹಿಂಗಾಲಿಗೆ ಚೆನ್ನಾಗಿ ಉಪ್ಪು ಹಿಡಿಸಿರುತ್ತಾರೆ. ಎಷ್ಟೋ ಸಲ ಹೊಗೆಯನ್ನೂ ಕೊಟ್ಟಿರುತ್ತಾರೆ. ಅದರ ಮೇಲೆ ನಾವು ಜೇನುತುಪ್ಪ, ಕಂದು ಸಕ್ಕರೆ ಸವರುತ್ತೇವೆ. ಉಪ್ಪು, ಸಿಹಿ, ಕೊಬ್ಬು ಎಲ್ಲ ಅದರಲ್ಲೇ ಆಯಿತು. ಪಕ್ಕದಲ್ಲಿ ಚೀಸ್ ಸುರಿದ ಮ್ಯಾಕರೋನಿ, ಸಕ್ಕರೆ ಹಾಕಿದ ಸಿಹಿಗೆಣಸು ಇಟ್ಟರೆ ನಾಲ್ಕು ತುತ್ತಿಗೇ ಬಾಯಿ ಕಟ್ಟುತ್ತದೆ. ನೀರು ಕುಡಿದಷ್ಟೂ ದಾಹ. ಸಿಹಿಗೆಣಸು ಬೇಕೇ ಬೇಕು ಅಂದರೆ ಸಿಪ್ಪೆ ಸಮೇತ ಬೇಯಿಸಿ, ನಿಂಬೆರಸ ಹಿಂಡಿ. ಸಕ್ಕರೆ ಮುಟ್ಟಬೇಡಿ.

ಸಪ್ಪೆ ಅಂದಾಗ ನನ್ನ ಮನಸ್ಸಿಗೆ ಮೊದಲು ಬರುವುದು ಆಲೂಗಡ್ಡೆ. ತೆಳುವಾಗಿ ಬಿಲ್ಲೆ ಮಾಡಿ, ಕ್ರೀಮ್, ಒಂದೆರಡು ಎಸಳು ಬೆಳ್ಳುಳ್ಳಿ, ಚೂರು ಜಾಯಿಕಾಯಿ ಹಾಕಿ ಓವನ್ನಿನಲ್ಲಿ ಬೇಯಿಸಿದರೆ ಹ್ಯಾಮ್‌ಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಬಿಲ್ಲೆಗಳನ್ನು ತೊಳೆಯಬೇಡಿ. ಅದರ ಪಿಷ್ಟವೇ ಕ್ರೀಮನ್ನು ಗಟ್ಟಿ ಮಾಡುತ್ತದೆ. ಉಪ್ಪು ಹಾಕುವ ಮುಂಚೆ ಒಂದು ಕೆಲಸ ಮಾಡಿ: ಕ್ರೀಮ್ ರುಚಿ ನೋಡುವಾಗ ಬಾಯಲ್ಲಿ ಹ್ಯಾಮಿನ ಸಣ್ಣ ಚೂರೂ ಇರಲಿ. ಒಂಟಿಯಾಗಿ ಸಪ್ಪೆ ಅನಿಸಿದ್ದು ಜೊತೆಯಲ್ಲಿ ಸರಿಯಾಗಿರುತ್ತದೆ. ಈ ಒಂದು ಅಭ್ಯಾಸ ಬಂದ ಮೇಲೆ ನನ್ನ ಅಡುಗೆಯಲ್ಲಿ ಉಪ್ಪು ಜಾಸ್ತಿ ಆಗಿಲ್ಲ.

ಹುಳಿಯನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಕೊಬ್ಬು ನಾಲಿಗೆಗೆ ಅಂಟಿಕೊಂಡಾಗ ಅದನ್ನು ಬಿಡಿಸುವುದು ಹುಳಿಯೇ ಅಲ್ವಾ? ಎಲೆಕೋಸನ್ನು ಎಳೆ ಎಳೆಯಾಗಿ ಹೆಚ್ಚಿ, ವಿನೆಗರ್ ಮತ್ತು ಚಿಟಿಕೆ ಉಪ್ಪು ಕಲಸಿ ಅರ್ಧ ಗಂಟೆ ಬಿಡಿ. ಮೆತ್ತಗಾದರೂ ಕರುಂ ಅನ್ನುತ್ತದೆ. ಹುಳಿ ಸೇಬನ್ನು ಸಕ್ಕರೆ ಇಲ್ಲದೆ ಬೇಯಿಸಿ ಮಸೆದರೂ ಆಯಿತು. ನಂಚಿಕೊಳ್ಳಲು ಸಾಸಿವೆ ಪೇಸ್ಟ್ ಹೇಗೂ ಇರಲಿ.

ಹಸಿರಿಗೆ ಹುರುಳಿಕಾಯಿ. ಕುದಿಯುವ ನೀರಿನಲ್ಲಿ ನಾಲ್ಕೈದು ನಿಮಿಷ, ಅಷ್ಟೇ.

ಇನ್ನು ಓವನ್ ಒಂದೇ, ಪಾತ್ರೆ ಮೂರು ಅನ್ನುವವರಿಗೆ. ಮೊದಲೇ ಬೆಂದಿರುವ, ಮೂಳೆ ಇರುವ 3 ಕಿಲೋ ಹ್ಯಾಮ್ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗಿನ ತನಕ ಬಿಸಿಯಾಗಲು ಎರಡರಿಂದ ಎರಡೂವರೆ ಗಂಟೆ ಬೇಕು. ಕೊನೆಯ ಒಂದೂವರೆ ಗಂಟೆ ಆಲೂಗಡ್ಡೆಯನ್ನೂ ಅದರ ಜೊತೆಗೇ ಇಡಿ. ಹೊರಗೆ ತೆಗೆದ ಹ್ಯಾಮನ್ನು ಸುಮ್ನೆ 20 ನಿಮಿಷ ಮುಚ್ಚಿಡಿ. ಆಗ ಕೊಯ್ದರೆ ರಸ ಹರಿದುಹೋಗುವುದಿಲ್ಲ. ಹುರುಳಿಕಾಯಿ ಬದಲು ಬ್ರೊಕೊಲಿ ತಂದಿದ್ದರೆ, ಆ 20 ನಿಮಿಷದಲ್ಲಿ ಓವನ್ನನ್ನು 220ಕ್ಕೆ ಏರಿಸಿ ಅದನ್ನು ಅಂಚು ಕಪ್ಪಗಾಗುವ ತನಕ ಹುರಿಯಬಹುದು. ಕೋಸು ಆಗಲೇ ಬಟ್ಟಲಲ್ಲಿ ಕಾಯುತ್ತಿರುತ್ತದೆ.