ನಿಮಗೇನು ಸಂಬಂಧ?

ನಮ್ಮ ಕಾಲೇಜಿನ ಗ್ರಂಥಾಲಯದ ಕೊನೆಯ ಕಪಾಟಿನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪುಗಳ ಸಂಪುಟಗಳಿದ್ದವು. ಎಡಪುಟದಲ್ಲಿ ಫ್ರೆಂಚ್, ಬಲಪುಟದಲ್ಲಿ ಇಂಗ್ಲಿಷ್. ಐನೂರು ಪುಟದ ಸಂಪುಟವೊಂದನ್ನು ಓದಿ ಮುಗಿಸಿದೆವೆಂದು ಜಂಬ ಕೊಚ್ಚುವಾಗ, ಅದರಲ್ಲಿ ಅರ್ಧದಷ್ಟು ನಮಗೆ ಓದಲು ಬಾರದ್ದು ಎಂಬುದನ್ನು ಜಾಣತನದಿಂದ ಮುಚ್ಚಿಡುತ್ತಿದ್ದೆವು. 2007ರ ಆರಂಭದಲ್ಲಿ, ಮೂಟ್ ಕೋರ್ಟ್ ಎಂಬ ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ ನನ್ನ ಪಾಲಿಗೆ ಪ್ರತಿವಾದಿ ಪಕ್ಷ ಬಂದಾಗ, ಆ ಕಪಾಟಿನಿಂದ 1966ರ ಸಂಪುಟವನ್ನು ಇಳಿಸಿ ನನ್ನ ಮುಂದಿಟ್ಟವರು ನಮಗೆ ಅಂತರರಾಷ್ಟ್ರೀಯ ಕಾನೂನು ಕಲಿಸುತ್ತಿದ್ದ ಮೇಡಂ. "ನಿನ್ನ ಕೇಸು ಇದರಲ್ಲಿದೆ, ಗೆಲ್ಲುತ್ತೀಯ. ಗೆದ್ದ ಮೇಲೆ ಬಂದು ನನ್ನನ್ನು ನೋಡು" ಎಂದಷ್ಟೇ ಹೇಳಿ ಹೋದರು.

ಮೂಟ್ ಸಮಸ್ಯೆ ಹೀಗಿತ್ತು. ಒಂದು ಕಾಲ್ಪನಿಕ ರಾಷ್ಟ್ರವು ತನ್ನದೇ ಪ್ರಜೆಗಳ ಪೈಕಿ ಒಂದು ಅಲ್ಪಸಂಖ್ಯಾತ ಸಮುದಾಯದ ಮೇಲೆ ಸೈನ್ಯ ಬಿಟ್ಟಿದೆ ಎಂದು ಆರೋಪಿಸಿ, ಸಾವಿರಾರು ಮೈಲಿ ದೂರದ, ಆ ಸಮುದಾಯದೊಂದಿಗೆ ಗಡಿಯ ನಂಟಾಗಲಿ ವ್ಯಾಪಾರದ ನಂಟಾಗಲಿ ಇಲ್ಲದ ಇನ್ನೊಂದು ರಾಷ್ಟ್ರವು ಹೇಗ್ ನಗರದ ಆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿತ್ತು. ಕೃತ್ಯ ನಡೆದದ್ದನ್ನು ಅಲ್ಲಗಳೆಯಲು ನನಗೆ ಹೆಚ್ಚೇನೂ ಆಧಾರವಿರಲಿಲ್ಲ. ಆದರೆ ದಾವೆ ಹೂಡಿದವನನ್ನು ಬಾಗಿಲಲ್ಲೇ ತಡೆಯಬಹುದಿತ್ತು. ನಿಮಗೇನು ಸಂಬಂಧ, ನಿಮಗೆ ಆದ ನಷ್ಟವೇನು ಎಂಬ ಒಂದೇ ತಕರಾರಿನ ಮೇಲೆ ನನ್ನ ಇಡೀ ಮೆಮೋರಿಯಲ್, ಅಂದರೆ ಲಿಖಿತ ವಾದ, ನಿಂತಿತ್ತು.

ಆ ತಕರಾರಿಗೆ ಬೆನ್ನೆಲುಬಾಗಿದ್ದದ್ದು ನೈಋತ್ಯ ಆಫ್ರಿಕಾ ಪ್ರಕರಣ. ಇಂದು ನಮೀಬಿಯಾ ಎಂದು ಕರೆಯಲಾಗುವ ಆ ಪ್ರದೇಶವನ್ನು ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘದ ಆದೇಶಪತ್ರದ ಮೇರೆಗೆ ಆಳುತ್ತಿದ್ದ ದಕ್ಷಿಣ ಆಫ್ರಿಕಾ, ಅಲ್ಲಿಯೂ ವರ್ಣಭೇದ ನೀತಿಯನ್ನು ಹೇರಿತ್ತು. ರಾಷ್ಟ್ರಸಂಘದ ಸದಸ್ಯರಾಗಿದ್ದ ಇಥಿಯೋಪಿಯಾ ಮತ್ತು ಲೈಬೀರಿಯಾ 1960ರಲ್ಲಿ ಅದರ ವಿರುದ್ಧ ದಾವೆ ಹೂಡಿದವು. ಪ್ರಕರಣವನ್ನು ಕೇಳುವ ಅಧಿಕಾರ ತನಗಿದೆ ಎಂದು ನ್ಯಾಯಾಲಯ 1962ರಲ್ಲಿ ಎಂಟು–ಏಳು ಮತಗಳಿಂದ ಹೇಳಿತು. ಆ ಮೇಲೆ ವರ್ಷಗಟ್ಟಲೆ ಲಿಖಿತ ವಾದ, ತಿಂಗಳುಗಟ್ಟಲೆ ಮೌಖಿಕ ವಾದ. ಅದೆಲ್ಲ ಮುಗಿದು 1966ರ ಜುಲೈ 18ರಂದು ತೀರ್ಪು ಬಂದಾಗ ನ್ಯಾಯಾಧೀಶರು ಏಳು–ಏಳಾಗಿ ಸಮನಾಗಿ ಒಡೆದಿದ್ದರು. ಅಧ್ಯಕ್ಷ ಪರ್ಸಿ ಸ್ಪೆಂಡರ್ ಅವರ ನಿರ್ಣಾಯಕ ಮತದಿಂದ ದಾವೆ ವಜಾ ಆಯಿತು. ಕಾರಣ, ಅಲ್ಲಿನ ಜನರನ್ನು ಹೇಗೆ ನಡೆಸಿಕೊಳ್ಳಲಾಗುತ್ತಿದೆ ಎಂಬುದರಲ್ಲಿ ಇಥಿಯೋಪಿಯಾ, ಲೈಬೀರಿಯಾಗಳಿಗೆ ಕಾನೂನಿನ ದೃಷ್ಟಿಯಲ್ಲಿ ಹಕ್ಕಾಗಲಿ ಹಿತಾಸಕ್ತಿಯಾಗಲಿ ಇಲ್ಲ. ವರ್ಣಭೇದ ಸರಿಯೇ ತಪ್ಪೇ ಎಂಬ ಪ್ರಶ್ನೆಯನ್ನು ನ್ಯಾಯಾಲಯ ಮುಟ್ಟಲೇ ಇಲ್ಲ. ಈ ತೀರ್ಪಿಗೆ ಕಾನೂನಿನಲ್ಲಿ ಯಾವ ಬುನಾದಿಯೂ ಇಲ್ಲವೆಂದು ನ್ಯಾಯಾಧೀಶ ಫಿಲಿಪ್ ಜೆಸಪ್ ತಮ್ಮ ಸುದೀರ್ಘ ಭಿನ್ನ ತೀರ್ಪಿನ ಆರಂಭದಲ್ಲೇ ಬರೆದಿದ್ದಾರೆ. ನಾನು ಆ ಭಿನ್ನ ತೀರ್ಪನ್ನು ಓದಿದ್ದು ಎದುರಾಳಿ ಏನು ಹೇಳಿಯಾನು ಎಂದು ತಿಳಿಯುವುದಕ್ಕಾಗಿ ಮಾತ್ರ.

ಗೆದ್ದೆ. ಗೆದ್ದ ಸಂಭ್ರಮದಲ್ಲೇ ಮೇಡಂ ಅವರ ಕೊಠಡಿಗೆ ಹೋದೆ. ಅವರು ಅಭಿನಂದಿಸಲಿಲ್ಲ. "ಸರಿ, ಆ ರಾಷ್ಟ್ರಕ್ಕೆ ಸಂಬಂಧವಿಲ್ಲ. ಹಾಗಾದರೆ ಸಂಬಂಧ ಇರುವವರು ಯಾರು?" ಎಂದು ಕೇಳಿದರು. ಆ ಸಮುದಾಯದ ಜನ ಎಂದೆ. ನ್ಯಾಯಾಲಯದ ಶಾಸನವನ್ನು ತೆಗೆದು 34ನೇ ವಿಧಿಯ ಮೇಲೆ ಬೆರಳಿಟ್ಟರು: ಈ ನ್ಯಾಯಾಲಯದ ಮುಂದೆ ರಾಷ್ಟ್ರಗಳು ಮಾತ್ರ ಪಕ್ಷಗಾರರಾಗಬಹುದು. ಹಾಗಿದ್ದರೆ ಅವರ ಪರವಾಗಿ ಅವರ ರಾಷ್ಟ್ರ ಬರಬೇಕು ಎಂದು ಹೇಳಹೊರಟವನು ಅರ್ಧಕ್ಕೇ ನಿಲ್ಲಿಸಿದೆ. ಅವರ ರಾಷ್ಟ್ರವೇ ನನ್ನ ಕಕ್ಷಿದಾರ. ಮೇಡಂ ನನ್ನ ಮೆಮೋರಿಯಲ್‌ನ ಕೊನೆಯ ಪುಟದಲ್ಲಿ ಪೆನ್ಸಿಲ್‌ನಿಂದ "ಹಾಗಾದರೆ ಯಾರು?" ಎಂದು ಬರೆದು ಕೈಗಿತ್ತರು. ಆ ಪ್ರತಿ ಈಗಲೂ ನನ್ನ ಬಳಿ ಇದೆ.

ಅದೇ ವರ್ಷದ ಫೆಬ್ರುವರಿ 26ರಂದು ಬೋಸ್ನಿಯಾ–ಸರ್ಬಿಯಾ ಪ್ರಕರಣದ ತೀರ್ಪು ಹೊರಬಿತ್ತು. ಮೇಡಂ ಅದರ ಮುದ್ರಿತ ಪ್ರತಿಯನ್ನು ತರಗತಿಗೆ ತಂದು, ಒಂದು ವಾರ ಪಠ್ಯಕ್ರಮವನ್ನೇ ಬದಿಗಿಟ್ಟರು. ನರಮೇಧದ ಆರೋಪ ಹೊರಿಸಿ 1993ರಲ್ಲಿ ಬೋಸ್ನಿಯಾ ಹೂಡಿದ ದಾವೆ ತೀರ್ಮಾನವಾಗಲು 14 ವರ್ಷ ಹಿಡಿದಿತ್ತು. 1995ರ ಜುಲೈಯಲ್ಲಿ ಸ್ರೆಬ್ರೆನಿತ್ಸಾದಲ್ಲಿ ಏಳು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದದ್ದು ನರಮೇಧವೇ ಎಂದು ನ್ಯಾಯಾಲಯ ಒಪ್ಪಿತು. ಆದರೆ ಅದನ್ನು ಸರ್ಬಿಯಾ ಎಸಗಿತೆಂದು ಹೇಳಲಿಲ್ಲ, ತಡೆಯುವ, ತಪ್ಪಿತಸ್ಥರನ್ನು ಶಿಕ್ಷಿಸುವ ಕರ್ತವ್ಯಗಳಲ್ಲಿ ತಪ್ಪಿತು ಎಂದಷ್ಟೇ ಹೇಳಿತು. ತರಗತಿಯಲ್ಲಿ ಹಲವರಿಗೆ ಇದು ಜಾರಿಕೊಳ್ಳುವ ಮಾತಾಗಿ ಕಂಡಿತು. ನನಗೂ ಹಾಗೆಯೇ ಅನ್ನಿಸಿತ್ತು. ಆ ತೀರ್ಪಿನ ನಿಜವಾದ ಭಾರ ಇದ್ದದ್ದು ಆ "ಅಷ್ಟೇ" ಎಂಬುದರಲ್ಲಿ ಎಂದು ಅರಿವಾಗಲು ವರ್ಷಗಳೇ ಬೇಕಾದವು. ತಡೆಯುವ ಕರ್ತವ್ಯವು ಕೊಲೆಗಾರನ ಮೇಲೆ ಪ್ರಭಾವ ಬೀರಬಲ್ಲ ಪ್ರತಿಯೊಬ್ಬನಿಗೂ ಇದೆ, ಅದಕ್ಕೆ ಗಡಿಯ ಮಿತಿಯಿಲ್ಲ ಎಂದಾದ ಮೇಲೆ, "ನಿಮಗೇನು ಸಂಬಂಧ?" ಎಂಬ ಪ್ರಶ್ನೆಯ ಕಾಲ ಕೆಳಗಿನ ನೆಲ ಸಡಿಲವಾಗಿತ್ತು.

ನೆಲ ಸಡಿಲವಾಗತೊಡಗಿದ್ದು ಅದಕ್ಕೂ ಮೊದಲೇ ಎನ್ನಬೇಕು. 1966ರ ತೀರ್ಪು ತಂದ ಅಪಕೀರ್ತಿಯ ನಂತರ, 1970ರ ಬಾರ್ಸಿಲೋನಾ ಟ್ರ್ಯಾಕ್ಷನ್ ಪ್ರಕರಣದಲ್ಲಿ, ಮೂಲತಃ ಒಂದು ಕಂಪನಿಯ ಷೇರುದಾರರಿಗೆ ಸಂಬಂಧಿಸಿದ ವ್ಯಾಜ್ಯದ ನಡುವೆ, ನ್ಯಾಯಾಲಯ ಒಂದು ಮಾತನ್ನು ಸೇರಿಸಿತು: ಕೆಲವು ಬಾಧ್ಯತೆಗಳನ್ನು ರಾಷ್ಟ್ರವೊಂದು ಇಡೀ ಅಂತರರಾಷ್ಟ್ರೀಯ ಸಮುದಾಯಕ್ಕೆ ಹೊತ್ತಿರುತ್ತದೆ, ಅವುಗಳ ಪಾಲನೆಯಲ್ಲಿ ಎಲ್ಲ ರಾಷ್ಟ್ರಗಳಿಗೂ ಹಿತಾಸಕ್ತಿ ಇದೆ. ನರಮೇಧದ ನಿಷೇಧ, ಗುಲಾಮಗಿರಿಯಿಂದ ರಕ್ಷಣೆ, ಜನಾಂಗ ತಾರತಮ್ಯದಿಂದ ರಕ್ಷಣೆ ಇವು ಅಂಥವು. ಲ್ಯಾಟಿನ್‌ನಲ್ಲಿ ಇದಕ್ಕೆ ಎರ್ಗಾ ಓಮ್ನೆಸ್, ಅಂದರೆ ಎಲ್ಲರೆದುರು ಹೊತ್ತ ಬಾಧ್ಯತೆ, ಎಂದು ಹೆಸರು. ಪರೀಕ್ಷೆಗೆ ಎರಡು ಅಂಕದ ಟಿಪ್ಪಣಿಯಾಗಿ ನಾವೆಲ್ಲ ಇದನ್ನು ಬಾಯಿಪಾಠ ಮಾಡಿದ್ದೆವು. ಅದರಿಂದ ದಾವೆ ಹೂಡಬಹುದು ಎಂದು ನಮಗೆ ಹೊಳೆದಿರಲಿಲ್ಲ.

2012ರಲ್ಲಿ ಬೆಲ್ಜಿಯಂ ಅದನ್ನು ಸಾಧಿಸಿತು. ಚಾಡ್‌ನ ಮಾಜಿ ಸರ್ವಾಧಿಕಾರಿ ಹಿಸೆನ್ ಹಬ್ರೆಯನ್ನು ವಿಚಾರಣೆಗೆ ಒಳಪಡಿಸಬೇಕು, ಇಲ್ಲವೇ ಹಸ್ತಾಂತರಿಸಬೇಕು ಎಂದು ಸೆನೆಗಲ್ ವಿರುದ್ಧ ಹೂಡಿದ ದಾವೆಯಲ್ಲಿ, ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಸಹಿ ಹಾಕಿದ ಯಾವ ರಾಷ್ಟ್ರವೂ ಇನ್ನೊಂದರಿಂದ ಅದರ ಪಾಲನೆಯನ್ನು ಕೇಳಬಹುದು ಎಂದು ನ್ಯಾಯಾಲಯ ಹೇಳಿತು. ಹಬ್ರೆಗೆ 2016ರಲ್ಲಿ ಡಕಾರ್‌ನ ವಿಶೇಷ ನ್ಯಾಯಾಲಯವು ಜೀವಾವಧಿ ಶಿಕ್ಷೆ ವಿಧಿಸಿತು.

ನನ್ನ ಮೂಟ್ ಸಮಸ್ಯೆಯೇ ಪಾತ್ರಗಳ ಹೆಸರು ಬದಲಿಸಿಕೊಂಡು ಬಂದಂತೆ ಅನ್ನಿಸಿದ್ದು 2019ರ ನವೆಂಬರ್‌ನಲ್ಲಿ. ರೋಹಿಂಗ್ಯಾ ಜನರ ಮೇಲೆ ನಡೆದ ಕಾರ್ಯಾಚರಣೆಗಾಗಿ ಮ್ಯಾನ್ಮಾರ್ ವಿರುದ್ಧ ದಾವೆ ಹೂಡಿದ್ದು ಪಶ್ಚಿಮ ಆಫ್ರಿಕಾದ ಪುಟ್ಟ ರಾಷ್ಟ್ರ ಗ್ಯಾಂಬಿಯಾ. 2017ರ ಆಗಸ್ಟ್ ನಂತರ ಏಳು ಲಕ್ಷಕ್ಕೂ ಹೆಚ್ಚು ಮಂದಿ ಬಾಂಗ್ಲಾದೇಶಕ್ಕೆ ಓಡಿಬಂದಿದ್ದರು, ಗ್ಯಾಂಬಿಯಾಕ್ಕಲ್ಲ. ಅದರ ಅಂದಿನ ನ್ಯಾಯಮಂತ್ರಿ ಅಬುಬಕರ್ ತಂಬಾಡು ಹಿಂದೆ ರುವಾಂಡಾ ನರಮೇಧದ ವಿಚಾರಣೆ ನಡೆಸಿದ ನ್ಯಾಯಮಂಡಳಿಯಲ್ಲಿ ಕೆಲಸ ಮಾಡಿದ್ದವರು. ಕಾಕ್ಸ್ ಬಜಾರ್‌ನ ಶಿಬಿರಗಳಿಗೆ ಹೋಗಿ ಅಲ್ಲಿನವರ ಮಾತು ಕೇಳಿ ಬಂದಿದ್ದರು. ಮ್ಯಾನ್ಮಾರ್ ಎತ್ತಿದ ತಕರಾರುಗಳಲ್ಲಿ ಒಂದನ್ನು ಓದುವಾಗ ನನಗೆ ಮುಜುಗರವಾಯಿತು, ಏಕೆಂದರೆ ಅದರ ವಾಕ್ಯಗಳ ಜಾಡು ನನ್ನ ಮೆಮೋರಿಯಲ್‌ನದೇ. ಗ್ಯಾಂಬಿಯಾಕ್ಕೆ ನೇರವಾಗಿ ಯಾವ ಬಾಧೆಯೂ ಆಗಿಲ್ಲ, ಆಗಿದ್ದರೆ ಬಾಂಗ್ಲಾದೇಶಕ್ಕೆ ಎಂಬುದು ಅದರ ಸಾರ. 2022ರ ಜುಲೈ 22ರಂದು ನ್ಯಾಯಾಲಯ ಈ ತಕರಾರನ್ನು ಹದಿನೈದು–ಒಂದು ಮತಗಳಿಂದ ತಳ್ಳಿಹಾಕಿತು.

ಆ ಒಂದು ಮತ ನ್ಯಾಯಾಧೀಶೆ ಶೂ ಹನ್‌ಚಿನ್ ಅವರದು. ಗೆದ್ದವರ ಪಕ್ಷದಲ್ಲಿ ನಿಂತು ಅದನ್ನು ಕಡೆಗಣಿಸುವುದು ಸುಲಭ, ಆದರೆ ಮೇಡಂ ಕಲಿಸಿದ ಓದು ಅದಲ್ಲ. ಒಂದು ಒಡಂಬಡಿಕೆಯ ಗುರಿ ಈಡೇರುವುದರಲ್ಲಿ ಎಲ್ಲರಿಗೂ ಸಮಾನ ಹಿತಾಸಕ್ತಿ ಇದೆ ಎಂಬುದು ಬೇರೆ, ಅದರಿಂದ ಪ್ರತಿಯೊಬ್ಬರಿಗೂ ದಾವೆ ಹೂಡುವ ಹಕ್ಕು ತಾನಾಗಿಯೇ ಹುಟ್ಟುತ್ತದೆ ಎಂಬುದು ಬೇರೆ ಎಂಬ ಅವರ ವಾದದಲ್ಲಿ ಹುರುಳಿದೆ. ಯಾರು ಬೇಕಾದರೂ ಕೇಳಬಹುದು ಎಂದಾದರೆ, ಯಾರ ಅನ್ಯಾಯವನ್ನು ಕೇಳಬೇಕು, ಯಾರದನ್ನು ಬಿಡಬೇಕು ಎಂಬ ಆಯ್ಕೆ ರಾಜಕೀಯಕ್ಕೆ ಬಿಟ್ಟದ್ದಾಗುತ್ತದೆ. ಗ್ಯಾಂಬಿಯಾದಂಥ ರಾಷ್ಟ್ರವೊಂದು ಮುಂದೆ ಬಾರದಿದ್ದರೆ ರೋಹಿಂಗ್ಯಾಗಳ ಮಾತು ಆ ಸಭಾಂಗಣದಲ್ಲಿ ಕೇಳುತ್ತಲೇ ಇರಲಿಲ್ಲ. ಹಾಗೆ ಕೇಳದೆ ಉಳಿದ ಸಮುದಾಯಗಳಿಗೆ ಈ ಹೊಸ ಸಿದ್ಧಾಂತದಿಂದ ಸಿಕ್ಕಿದ್ದು ಏನೂ ಇಲ್ಲ. ಇಷ್ಟಾದರೂ ನಾನು ಹದಿನೈದರ ಜೊತೆಗೇ ನಿಲ್ಲುತ್ತೇನೆ. ಕೆಲವರ ಪಾಲಿಗಾದರೂ ತೆರೆದ ಬಾಗಿಲು, ಎಲ್ಲರಿಗೂ ಸಮಾನವಾಗಿ ಮುಚ್ಚಿದ ಬಾಗಿಲಿಗಿಂತ ಮೇಲು.

2023ರ ಡಿಸೆಂಬರ್ 29ರಂದು ಗಾಜಾದ ವಿಷಯದಲ್ಲಿ ಇಸ್ರೇಲ್ ವಿರುದ್ಧ ದಾವೆ ಹೂಡಿದ್ದು ದಕ್ಷಿಣ ಆಫ್ರಿಕಾ. ಇಥಿಯೋಪಿಯಾ, ಲೈಬೀರಿಯಾಗಳನ್ನು ಬಾಗಿಲಲ್ಲೇ ನಿಲ್ಲಿಸಿ ಗೆದ್ದ ಅದೇ ಹೆಸರಿನ ರಾಷ್ಟ್ರ, ಬೇರೆಯದೇ ವ್ಯವಸ್ಥೆಯಾಗಿ ಬದಲಾಗಿ, ಈಗ ಅವುಗಳ ಜಾಗದಲ್ಲಿ ನಿಂತಿತ್ತು. ಇಸ್ರೇಲ್ ಆರೋಪವನ್ನು ಬಲವಾಗಿ ಅಲ್ಲಗಳೆಯಿತು. ಆದರೆ ದಾವೆ ಹೂಡುವ ಹಕ್ಕನ್ನು ಪ್ರಶ್ನಿಸಲಿಲ್ಲವೆಂದು 2024ರ ಜನವರಿ 26ರ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯವೇ ದಾಖಲಿಸಿದೆ. ಐವತ್ತೆಂಟು ವರ್ಷಗಳ ಹಿಂದೆ ಇಡೀ ಪ್ರಕರಣವನ್ನು ಮುಳುಗಿಸಿದ ಪ್ರಶ್ನೆಯನ್ನು ಈಗ ಕೇಳುವುದಕ್ಕೂ ಯಾರೂ ಹೋಗಲಿಲ್ಲ.

ಈ ಬೆಳವಣಿಗೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ವಿದ್ಯಾರ್ಥಿಗಳದು. 2019ರಲ್ಲಿ ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ವನುವಾಟುವಿನಲ್ಲಿ, ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು ಹವಾಮಾನ ಬದಲಾವಣೆಯ ಪ್ರಶ್ನೆಯನ್ನು ಹೇಗ್‌ಗೆ ಒಯ್ಯಬೇಕೆಂದು ಹೊರಟರು. ಅವರಿಗೂ 34ನೇ ವಿಧಿ ಗೊತ್ತಿತ್ತು. ಆದ್ದರಿಂದ ದಾವೆಯ ದಾರಿಯನ್ನು ಬಿಟ್ಟು, ಸಲಹಾತ್ಮಕ ಅಭಿಪ್ರಾಯ ಕೋರುವಂತೆ ಸರ್ಕಾರಗಳ ಮನವೊಲಿಸಿದರು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಮತಕ್ಕೆ ಹಾಕದೆಯೇ ಗೊತ್ತುವಳಿಯನ್ನು ಅಂಗೀಕರಿಸಿತು. 2025ರ ಜುಲೈ 23ರಂದು ನ್ಯಾಯಾಲಯ ಒಮ್ಮತದಿಂದ ಅಭಿಪ್ರಾಯ ಕೊಟ್ಟಿತು. ಹವಾಮಾನವನ್ನು ಕಾಪಾಡುವ ಕರ್ತವ್ಯವೂ ಎಲ್ಲರೆದುರು ಹೊತ್ತ ಬಾಧ್ಯತೆಯೇ, ಅದು ಮುರಿದುಬಿದ್ದರೆ ನೇರವಾಗಿ ಬಾಧಿತವಾಗದ ರಾಷ್ಟ್ರವೂ ಹೊಣೆಗಾರಿಕೆಯನ್ನು ಪ್ರಶ್ನಿಸಬಹುದು, ಸ್ವಚ್ಛ ಹಾಗೂ ಆರೋಗ್ಯಕರ ಪರಿಸರದ ಹಕ್ಕಿಲ್ಲದೆ ಉಳಿದ ಮಾನವ ಹಕ್ಕುಗಳನ್ನು ಅನುಭವಿಸಲಾಗದು ಎಂಬ ಮಾತುಗಳು ಅದರಲ್ಲಿವೆ. ಸಲಹೆಯಾದ್ದರಿಂದ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ ಎನ್ನುವವರ ಮಾತು ತಾಂತ್ರಿಕವಾಗಿ ಸರಿ. ಆದರೆ ದೇಶದೇಶಗಳ ನ್ಯಾಯಾಲಯಗಳಲ್ಲಿ ವಕೀಲರು ಅದನ್ನು ಮುಂದಿಟ್ಟುಕೊಂಡು ವಾದಿಸುವುದನ್ನು ಯಾರೂ ತಡೆಯಲಾರರು.

ಒಳಗೆ ಬಂದವನಿಗೆ ಕೈಗೆ ಸಿಗುವುದೇನು ಎಂಬುದು ಇನ್ನೊಂದು ಮಾತು, ಮತ್ತು ಇಂದಿನ ಚರ್ಚೆಯೆಲ್ಲ ಅಲ್ಲಿಗೇ ಬಂದು ನಿಂತಿದೆ. ಯುಕ್ರೇನ್‌ನಲ್ಲಿ ಸೇನಾ ಕಾರ್ಯಾಚರಣೆಯನ್ನು ನಿಲ್ಲಿಸಬೇಕೆಂದು ರಷ್ಯಾಕ್ಕೆ 2022ರ ಮಾರ್ಚ್ 16ರಂದು ನ್ಯಾಯಾಲಯ ಆದೇಶಿಸಿತು, ಯುದ್ಧ ನಿಲ್ಲಲಿಲ್ಲ. ತೀರ್ಪನ್ನು ಪಾಲಿಸದವನ ವಿರುದ್ಧ ಭದ್ರತಾ ಮಂಡಳಿಗೆ ಹೋಗಿ ಎನ್ನುತ್ತದೆ ವಿಶ್ವಸಂಸ್ಥೆಯ ಸನ್ನದಿನ 94ನೇ ವಿಧಿ, ಅಲ್ಲಿ ನೋಡಿದರೆ ಐವರ ಕೈಯಲ್ಲಿ ವೀಟೊ. ಇನ್ನು ನರಮೇಧವನ್ನು ಸಾಬೀತುಪಡಿಸಲು ಕೊಂದದ್ದನ್ನು ತೋರಿಸಿದರೆ ಸಾಲದು; ಒಂದು ಗುಂಪನ್ನು ಗುಂಪಾಗಿಯೇ ನಾಶಮಾಡುವ ಉದ್ದೇಶವಿತ್ತೆಂದು ತೋರಿಸಬೇಕು. ಅಂಥ ಉದ್ದೇಶವನ್ನು ಯಾವ ಸರ್ಕಾರವೂ ಕಡತದಲ್ಲಿ ಬರೆದಿಡುವುದಿಲ್ಲ. ನಡೆದ ಕೃತ್ಯಗಳಿಂದಲೇ ಅದನ್ನು ಊಹಿಸಬೇಕಾದರೆ, ಬೇರೆ ಯಾವ ಸಮಂಜಸ ಊಹೆಗೂ ಎಡೆಯಿರಬಾರದು ಎಂದು 2015ರ ಕ್ರೊವೇಷಿಯಾ–ಸರ್ಬಿಯಾ ತೀರ್ಪು ಹೇಳಿದೆ. ದಂಗೆಯನ್ನು ಹತ್ತಿಕ್ಕಿದೆವು, ಭಯೋತ್ಪಾದಕರನ್ನು ಬೆನ್ನಟ್ಟಿದೆವು ಎಂಬ ಇನ್ನೊಂದು ಊಹೆಯನ್ನು ಹೆಣೆದು ಮುಂದಿಡುವುದು ಪ್ರತಿವಾದಿಯ ವಕೀಲನಿಗೆ ಕಷ್ಟವಲ್ಲ. ಆ ಕೆಲಸ ಎಷ್ಟು ಸುಲಭವೆಂದು ಒಂದು ಕಾಲಕ್ಕೆ ಆ ಪಕ್ಷದಲ್ಲಿ ನಿಂತ ನಾನು ಬಲ್ಲೆ.

ಕಳೆದ ಬಾರಿ ಕಾಲೇಜು ನನ್ನನ್ನು ಮೂಟ್ ಕೋರ್ಟ್‌ನ ತೀರ್ಪುಗಾರನಾಗಿ ಕರೆಸಿತ್ತು. ಅದೇ ಸಭಾಂಗಣ, ಬಹುಪಾಲು ಅದೇ ಬಗೆಯ ಸಮಸ್ಯೆ. ಪ್ರತಿವಾದಿ ಪಕ್ಷದ ವಿದ್ಯಾರ್ಥಿನಿಯ ಮೆಮೋರಿಯಲ್‌ನಲ್ಲಿ "ನಿಮಗೇನು ಸಂಬಂಧ?" ಎಂಬ ತಕರಾರಿನ ಸುಳಿವೇ ಇರಲಿಲ್ಲ, ಮೊದಲ ಪುಟದಿಂದ ಕೊನೆಯ ಪುಟದವರೆಗೂ ಉದ್ದೇಶದ ಮೇಲೇ ವಾದ. ಚೆನ್ನಾಗಿ ತಯಾರಾಗಿ ಬಂದಿದ್ದಳು. ಸಮಯ ಮುಗಿಯಲು ಎರಡು ನಿಮಿಷ ಇರುವಾಗ ನಾನು, "ಆ ಸಮುದಾಯದ ಜನರೇ ಬಂದು ಈ ನ್ಯಾಯಪೀಠದ ಮುಂದೆ ನಿಂತರೆ?" ಎಂದು ಕೇಳಿದೆ. ಅವಳು ತಡವರಿಸಲಿಲ್ಲ. "ಯುವರ್ ಎಕ್ಸಲೆನ್ಸಿ, ನ್ಯಾಯಾಲಯದ ಶಾಸನದ 34ನೇ ವಿಧಿ" ಎಂದು ಆರಂಭಿಸಿ, ವಿಧಿಯನ್ನು ಒಂದಕ್ಷರ ತಪ್ಪದಂತೆ ಹೇಳಿ ಮುಗಿಸಿದಳು. ಉತ್ತರ ಸರಿಯಾಗಿತ್ತು. ಆ ಅಂಕಣದಲ್ಲಿ ಪೂರ್ಣ ಅಂಕ ಕೊಟ್ಟೆ. ಆಮೇಲೆ ಅವಳ ಮೆಮೋರಿಯಲ್‌ನ ಕೊನೆಯ ಪುಟವನ್ನು ತೆರೆದು, ಪಕ್ಕದವರ ಬಳಿ ಪೆನ್ಸಿಲ್ ಕೇಳಿದೆ.